ಎಲ್ಲ ಗೇಮ್‌ಗಳೂ ಸರಿಯಾಗಿ 50 ಎಫ್‌ಪಿಎಸ್‌ಗೇ ನಿಲ್ಲುತ್ತಿವೆ, ಕಾರ್ಡ್ ಹೋಯ್ತಾ? [ಪರಿಹಾರ ಸಿಕ್ಕಿದೆ]

ಮೂಡಿಗೆರೆ_ಮಳೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಗಾಬರಿಯಲ್ಲಿದ್ದೇನೆ, ಉದ್ದ ಬರೆದರೆ ಬೇಜಾರು ಮಾಡಿಕೊಳ್ಳಬೇಡಿ.

ಹಾಸನದಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೆ. ಪರೀಕ್ಷೆ ಮುಗಿಯಿತು, ಪಿಸಿ ಸಮೇತ ಮೂಡಿಗೆರೆ ಹತ್ತಿರದ ನಮ್ಮ ಮನೆಗೆ ಬಂದಿದ್ದೇನೆ. ಸಿಪಿಯುವನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡೇ ತಂದೆ. ರೈಜನ್ 5 3600, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, ವಿಂಡೋಸ್ 11. ಹಳೇ ಮಾನಿಟರ್ ಪಕ್ಕದಲ್ಲಿದೆ. ಆದರೆ ಆಡುವುದು ಹಾಲ್‌ನಲ್ಲಿರೋ 43 ಇಂಚಿನ ಟಿವಿಯಲ್ಲಿ, ಎಚ್‌ಡಿಎಂಐ ಹಾಕಿಕೊಂಡು.

ಬಂದ ಮೊದಲ ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಮಳೆ ಶುರುವಾಯಿತು, ತೋಟದ ಆಚೆ ಸಿಡಿಲು ಬಿತ್ತು, ಕರೆಂಟ್ ಹೋಯಿತು. ಮರುದಿನ ಸಂಜೆ ಬಂತು. ಅವತ್ತಿನಿಂದ ಯಾವ ಗೇಮ್ ಹಾಕಿದರೂ 50 ಎಫ್‌ಪಿಎಸ್, ಅಂದರೆ ಸೆಕೆಂಡಿಗೆ 50 ಫ್ರೇಮ್ (ಚಿತ್ರ). 49 ಅಲ್ಲ, 51 ಅಲ್ಲ, 50. ಕ್ಯಾಮೆರಾ ತಿರುಗಿಸಿದರೆ ಏನೋ ಎಡವಿದ ಹಾಗೆ ಕಾಣುತ್ತೆ. ಗೇಮ್‌ನ ಒಳಗೆ ವಿ-ಸಿಂಕ್ (ಎಫ್‌ಪಿಎಸ್ ಅನ್ನು ತೆರೆಯ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಆಫ್ ಇದೆ. ಫ್ರೇಮ್ ಲಿಮಿಟ್ ಕೂಡ 'ಅನ್‌ಲಿಮಿಟೆಡ್' ಅಂತ ಇದೆ.

ಹಾಸನದ ಒಂದು ಅಂಗಡಿಗೆ ಫೋನ್ ಮಾಡಿದೆ. 'ಸಿಡಿಲಿಗೆ ಕಾರ್ಡ್ ವೀಕ್ ಆಗಿದೆ, ತಂದುಕೊಡಿ ನೋಡೋಣ' ಅಂದರು. ಆ ಕಾರ್ಡ್ ತಗೊಳ್ಳೋಕೆ ಎರಡು ವರ್ಷ ದುಡ್ಡು ಕೂಡಿಸಿದ್ದೆ. ನಿಜವಾಗಲೂ ಹೋಯ್ತಾ?

ಕಡೂರು_ಕೀಬೋರ್ಡ್:

ಡ್ರೈವರ್ ತೆಗೆದು ಹೊಸದಾಗಿ ಹಾಕು ಗುರು. ನನಗೆ ಅರ್ಧ ಸಮಸ್ಯೆ ಹಾಗೇ ಹೋಗುತ್ತೆ. ನಿಮ್ಮ ಕಡೆ ಮಳೆ ಜಾಸ್ತಿ ಇದ್ದರೆ ಸ್ವಲ್ಪ ಈ ಕಡೆಗೂ ಕಳಿಸು, ಕಡೂರಲ್ಲಿ ಇನ್ನೂ ಫ್ಯಾನ್ ತಿರುಗುತ್ತಿದೆ.

ಹಳೇ_ಪೆಂಟಿಯಮ್ (ಹಾಸನ):

ಡ್ರೈವರ್ ತೆಗೆಯುವುದು ಆಮೇಲೆ. ಕಾರ್ಡನ್ನು ಎಲ್ಲಿಗೂ ತಗೊಂಡು ಹೋಗಬೇಡಿ ತಮ್ಮಾ, ಮಳೆಯಲ್ಲಿ ಬಸ್ಸಿನ ಚಾರ್ಜು ದಂಡ.

ಕಾರ್ಡಿಗೆ ಶಕ್ತಿ ಸಾಲದೆ ಇದ್ದರೆ ಎಫ್‌ಪಿಎಸ್ ಒಂದೇ ಕಡೆ ನಿಲ್ಲೋದಿಲ್ಲ. ಬಯಲಲ್ಲಿ 70, ಊರೊಳಗೆ 43, ಗೋಡೆ ನೋಡುತ್ತಾ ನಿಂತರೆ 110, ಹೀಗೆ ಕುಣಿಯುತ್ತೆ. ನಿಮ್ಮದು ಅಲುಗಾಡದೆ ನಿಂತಿದೆ ಅಂದರೆ ಯಾರೋ ಹಿಡಿದುಕೊಂಡಿದ್ದಾರೆ ಅಂತಲೇ ಅರ್ಥ. ಯಾರು ಹಿಡಿದಿದ್ದಾರೆ ಅನ್ನುವುದಕ್ಕೆ ಆ ನಂಬರೇ ಸುಳಿವು.

ಮೊದಲು ಇದನ್ನು ಮಾಡಿ. ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿ, ಅದರ ಜೊತೆಗೇ ಬರೋ ರಿವಾಟ್ಯೂನರ್‌ನಿಂದ ತೆರೆ ಮೇಲೆ ಜಿಪಿಯು (ಕಾರ್ಡಿನ ಚಿಪ್) ಬಳಕೆ ಮತ್ತು ಫ್ರೇಮ್ ಟೈಮ್ (ಒಂದು ಫ್ರೇಮಿಗೆ ಹಿಡಿಯುವ ಹೊತ್ತು) ತೋರಿಸುವ ಹಾಗೆ ಮಾಡಿ. ಒಂದೇ ಜಾಗದಲ್ಲಿ ನಿಂತು ಗ್ರಾಫಿಕ್ಸ್ ಲೋ ಇಟ್ಟು ನೋಡಿ, ಆಮೇಲೆ ಅಲ್ಟ್ರಾ ಇಟ್ಟು ನೋಡಿ. ಎರಡರ ನಂಬರನ್ನೂ ಇಲ್ಲಿ ಹಾಕಿ.

ಮೂಡಿಗೆರೆ_ಮಳೆ:

ಮಾಡಿದೆ ಅಣ್ಣ. ಲೋ ಇಟ್ಟಾಗ 50, ಜಿಪಿಯು 38%. ಅಲ್ಟ್ರಾ ಇಟ್ಟಾಗ 50, ಜಿಪಿಯು 74%. ಫ್ರೇಮ್ ಟೈಮ್ 20.0 ಮಿಲಿಸೆಕೆಂಡ್ ಅಂತ ತೋರಿಸುತ್ತಿದೆ. ಗೆರೆ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ.

ಹಳೇ_ಪೆಂಟಿಯಮ್ (ಹಾಸನ):

ನಿಮ್ಮ ಕಾರ್ಡ್ ಗುಂಡುಕಲ್ಲಿನ ಹಾಗಿದೆ. ಲೋನಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಸುಮ್ನೆ ಕೂತಿದೆ ಪಾಪ. ನಿಜವಾಗಿ ಏದುಸಿರು ಬಿಡುವ ಕಾರ್ಡ್ 97-99% ತೋರಿಸುತ್ತೆ. (ಸಿಪಿಯು ಸಾಲದೆ ಇದ್ದಾಗಲೂ ಜಿಪಿಯು ಬಳಕೆ ಕಡಿಮೆ ಬರುತ್ತೆ, ಆದರೆ ಆಗ ಆ ಗೆರೆ ಚಾರ್ಮಾಡಿ ರಸ್ತೆ ಥರ ಇರುತ್ತೆ, ನೇರ ಇರೋದಿಲ್ಲ.)

ಈಗ ನಂಬರಿನ ವಿಷಯ. 60ಕ್ಕೆ ನಿಂತರೆ ಮೊದಲು ಆ ಗೇಮ್ ಹೇಗೆ ಅಂತ ತಿಳಿದುಕೊಳ್ಳಬೇಕು. ಎಲ್ಡನ್ ರಿಂಗ್‌ನಲ್ಲಿ ಮಾಡಿದವರೇ 60ಕ್ಕೆ ಬೀಗ ಹಾಕಿದ್ದಾರೆ, ನಮ್ಮ ಯಾವ ಸೆಟ್ಟಿಂಗೂ ಅಲ್ಲಿ ನಡೆಯೋದಿಲ್ಲ. 62ಕ್ಕೆ ನಿಂತರೆ ಅದು ಅನ್‌ರಿಯಲ್ ಎಂಜಿನ್‌ನ ಹಳೇ ಅಭ್ಯಾಸ. 'ಸ್ಮೂತ್ ಫ್ರೇಮ್ ರೇಟ್' ಅಂತ ಒಂದು ಸೆಟ್ಟಿಂಗ್ ಇರುತ್ತೆ, ಅದರ ಮೇಲಿನ ಮಿತಿ 62 ಅಂತ ಬಂದಿರುತ್ತೆ, ಗೇಮ್‌ನ ಐಎನ್‌ಐ ಫೈಲ್ ತೆರೆದು ಬದಲಾಯಿಸಬೇಕು. 30 ಆದರೆ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಿರಬಹುದು. ಇಲ್ಲ ಅಂದರೆ ವಿ-ಸಿಂಕ್ ಆನ್ ಇದ್ದು, ಕಾರ್ಡಿಗೆ 60 ಮುಟ್ಟೋಕೆ ಆಗದೆ ಅದರ ಅರ್ಧಕ್ಕೆ ಬಿದ್ದಿರಬಹುದು.

50ಕ್ಕೆ ಸ್ವಂತ ಇಷ್ಟದಿಂದ ನಿಲ್ಲುವ ಗೇಮ್ ನಾನಂತೂ ಕಂಡಿಲ್ಲ. ಅದೂ ನಿಮಗೆ ಎಲ್ಲ ಗೇಮ್‌ನಲ್ಲೂ ಹೀಗೇ. ಹಾಗಾಗಿ ಗೇಮ್ ಬಿಟ್ಟುಬಿಡಿ, ಅದರ ಹೊರಗೆ ಹುಡುಕಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಒಳಗೆ ಹೋಗಿ. ರಿಫ್ರೆಶ್ ರೇಟ್ (ತೆರೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತೆ ಅನ್ನೋದು, ಹರ್ಟ್ಜ್ ಲೆಕ್ಕದಲ್ಲಿ) ಎಷ್ಟಿದೆ ನೋಡಿ ಹೇಳಿ. ರಿವಾಟ್ಯೂನರ್‌ನಲ್ಲಿ 'ಫ್ರೇಮ್‌ರೇಟ್ ಲಿಮಿಟ್' 0 (ಅಂದರೆ ಮಿತಿ ಇಲ್ಲ) ಇದೆಯಾ ಅದನ್ನೂ ನೋಡಿ.

ಮೂಡಿಗೆರೆ_ಮಳೆ:

ರಿವಾಟ್ಯೂನರ್‌ನಲ್ಲಿ 0 ಇದೆ. ಅಡ್ವಾನ್ಸ್ಡ್ ಡಿಸ್‌ಪ್ಲೇನಲ್ಲಿ 75 ಹರ್ಟ್ಜ್ ಇದೆ. ಅಲ್ಲಿಗೆ ಅದೂ ಅಲ್ಲ.

ಇನ್ನೊಂದು ವಿಷಯ, ನಗಬೇಡಿ. ನಮ್ಮ ಚಿಕ್ಕಪ್ಪ ಚಿಕ್ಕಮಗಳೂರಲ್ಲಿ ಮದುವೆ ವಿಡಿಯೋ ಮಾಡುತ್ತಾರೆ. ಆಗಾಗ ಮನೆಗೆ ಬರುತ್ತಿರುತ್ತಾರೆ. ನಿನ್ನೆ ಅಕ್ಕಿರೊಟ್ಟಿ ತಿನ್ನುತ್ತಾ ಟಿವಿ ನೋಡಿ, 'ನಮ್ಮ ಕರೆಂಟೇ 50 ಅಲ್ವೇನೋ, 50ಕ್ಕಿಂತ ಜಾಸ್ತಿ ಎಲ್ಲಿಂದ ಬರುತ್ತೆ?' ಅಂದರು. ನಾನು ಏನೂ ಹೇಳಲಿಲ್ಲ. ಹಾಗೂ ಇರುತ್ತಾ?

ಕಡೂರು_ಕೀಬೋರ್ಡ್:

😂😂 ಕರೆಂಟ್ 50 ಅಂತ ಗೇಮ್ 50! ಅಮೆರಿಕದಲ್ಲಿ ಕರೆಂಟ್ 60, ಅದಕ್ಕೇ ಅವರಿಗೆ 60 ಎಫ್‌ಪಿಎಸ್. ಸರಿಹೋಯ್ತು ಬಿಡು.

ಹಳೇ_ಪೆಂಟಿಯಮ್ (ಹಾಸನ):

ಕಡೂರು, ನೀನು ತಮಾಷೆಗೆ ಹೇಳಿದ್ದರಲ್ಲಿ ಅರ್ಧ ನಿಜ ಇದೆ ಮಾರಾಯ.

ಪಿಸಿಗೆ ಕರೆಂಟಿನ 50 ಹರ್ಟ್ಜ್ ಸಂಬಂಧವೇ ಇಲ್ಲ. ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ) ಒಳಗೆ ಹೋದ ಎಸಿ ಕರೆಂಟ್ ಡಿಸಿ ಆಗಿ ಹೊರಗೆ ಬರುತ್ತೆ. ಕಾರ್ಡಿಗೆ ಸಿಗುವುದು 12 ವೋಲ್ಟ್ ಡಿಸಿ, ಅದರಲ್ಲಿ ಹರ್ಟ್ಜ್ ಅನ್ನೋದೇ ಉಳಿದಿರೋದಿಲ್ಲ. ಇಲ್ಲದಿದ್ದರೆ ಇದೇ ಕರೆಂಟಲ್ಲಿ ಜನ 144 ಹರ್ಟ್ಜ್ ಮಾನಿಟರ್ ಹೇಗೆ ಓಡಿಸುತ್ತಿದ್ದರು?

ಆದರೆ ಚಿಕ್ಕಪ್ಪ ವಿಡಿಯೋದವರು ಅಂದಿರಲ್ಲ, ಅವರು ಸುಮ್ನೆ ಹೇಳಿದ್ದಲ್ಲ. ಹಿಂದೆ ಟಿವಿ ಪ್ರಸಾರದ ವೇಗವನ್ನು ಆಯಾ ದೇಶದ ಕರೆಂಟಿಗೆ ಹೊಂದಿಸಿಯೇ ಇಟ್ಟಿದ್ದು. 50 ಹರ್ಟ್ಜ್ ಕರೆಂಟಿನ ನಮ್ಮಲ್ಲಿ ಪ್ಯಾಲ್ ಅನ್ನೋ ಪದ್ಧತಿ ಬಂತು, ಸೆಕೆಂಡಿಗೆ 25 ಫ್ರೇಮ್, 50 ಫೀಲ್ಡ್ (ಅರ್ಧ ಫ್ರೇಮ್). 60 ಹರ್ಟ್ಜ್ ಕರೆಂಟಿನ ಅಮೆರಿಕದಲ್ಲಿ ಎನ್‌ಟಿಎಸ್‌ಸಿ, ಹೆಚ್ಚುಕಡಿಮೆ 30 ಮತ್ತು 60. ಇವತ್ತಿಗೂ ಛತ್ರದಲ್ಲಿ ಟ್ಯೂಬ್‌ಲೈಟ್ ಕೆಳಗೆ ಶೂಟ್ ಮಾಡೋರು ಶಟರ್ 1/50 ಇಡುತ್ತಾರೆ, ಇಲ್ಲ ಅಂದರೆ ವಿಡಿಯೋದಲ್ಲಿ ಪಟ್ಟೆ ಪಟ್ಟೆ ಓಡುತ್ತೆ. ಅವರಿಗೆ 50 ಅನ್ನೋದು ದಿನದ ಮಾತು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಆ ಹಳೇ ಲೆಕ್ಕ ಇನ್ನೂ ಟಿವಿಗಳ ಒಳಗಿದೆ. ಎಚ್‌ಡಿಎಂಐ ಹಾಕಿದಾಗ ಟಿವಿ 'ನನಗೆ 60 ಬರುತ್ತೆ, 59.94 ಬರುತ್ತೆ, 50 ಬರುತ್ತೆ' ಅಂತ ಪಿಸಿಗೆ ಹೇಳುತ್ತೆ. ಕಂಪ್ಯೂಟರ್ ಮಾನಿಟರ್‌ಗಳ ಪಟ್ಟಿಯಲ್ಲಿ 50 ಅಷ್ಟಾಗಿ ಕಾಣಿಸೋದಿಲ್ಲ, ಟಿವಿಯಲ್ಲಿ ಕಾಣಿಸುತ್ತೆ.

ಈಗ ನಿಮ್ಮ ಉತ್ತರ ಇನ್ನೊಂದು ಸಲ ಓದಿ. 75 ಹರ್ಟ್ಜ್ ಅಂದಿರಿ. ಹಾಲ್‌ನಲ್ಲಿರೋ ಮಾಮೂಲಿ ಟಿವಿಗೆ 75 ಎಲ್ಲಿಂದ ಬಂತು? ನೀವು ನೋಡಿದ್ದು ಪಕ್ಕದಲ್ಲಿರೋ ಮಾನಿಟರಿನದು. ಅಡ್ವಾನ್ಸ್ಡ್ ಡಿಸ್‌ಪ್ಲೇ ಪುಟದ ಮೇಲ್ಗಡೆಯೇ ಒಂದು ಡ್ರಾಪ್‌ಡೌನ್ ಇದೆ, ಯಾವ ಡಿಸ್‌ಪ್ಲೇ ಅಂತ. ಅದು ಎಲ್ಲರ ಕಣ್ಣಿಗೂ ತಪ್ಪುತ್ತೆ, ನನಗೂ ಒಂದು ಸಲ ತಪ್ಪಿ ಇಡೀ ಭಾನುವಾರ ಹಾಳಾಗಿದೆ. ಅಲ್ಲಿ ಟಿವಿ ಆರಿಸಿಕೊಂಡು ನೋಡಿ.

ಜೊತೆಗೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಮ್ಯಾನೇಜ್ 3ಡಿ ಸೆಟ್ಟಿಂಗ್ಸ್' ತೆಗೆದು 'ವರ್ಟಿಕಲ್ ಸಿಂಕ್' ಮತ್ತು 'ಮ್ಯಾಕ್ಸ್ ಫ್ರೇಮ್ ರೇಟ್' ಎರಡೂ ಏನಿವೆ ನೋಡಿ. ಗೇಮ್‌ನಲ್ಲಿ ವಿ-ಸಿಂಕ್ ಆಫ್ ಇದ್ದರೂ ಇಲ್ಲಿ ಆನ್ ಇದ್ದರೆ ಇಲ್ಲಿಯದೇ ನಡೆಯುತ್ತೆ.

ಸಕಲೇಶಪುರ_ಲ್ಯಾಪಿ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮೇಲೆ 30 ಅಂದಿರಲ್ಲ, ನನ್ನದು ಅದೇ. ಆರ್‌ಟಿಎಕ್ಸ್ 3050 ಲ್ಯಾಪ್‌ಟಾಪ್. ಕರೆಂಟ್ ಹೋದ ತಕ್ಷಣ 30ಕ್ಕೆ ಇಳಿಯುತ್ತೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಇರೋದೇ ಅಪರೂಪ.

ಹಳೇ_ಪೆಂಟಿಯಮ್ (ಹಾಸನ):

ಅದು ಬ್ಯಾಟರಿ ಬೂಸ್ಟ್. ಬ್ಯಾಟರಿ ಜಾಸ್ತಿ ಹೊತ್ತು ಬರಲಿ ಅಂತ ಎನ್‌ವಿಡಿಯಾ ಸಾಫ್ಟ್‌ವೇರ್ ಮಿತಿ ಹಾಕುತ್ತೆ. ಆ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು. ಆದರೆ ಬ್ಯಾಟರಿಯಲ್ಲಿ ಕಾರ್ಡಿಗೆ ಪೂರ್ತಿ ಪವರ್ ಸಿಗೋದೇ ಇಲ್ಲ, ಹಾಗಾಗಿ ಆಫ್ ಮಾಡಿದರೂ ದೊಡ್ಡ ಲಾಭ ಇಲ್ಲ, ಬೇಗ ಖಾಲಿ ಆಗುತ್ತೆ ಅಷ್ಟೆ. ಮನೆಯಲ್ಲಿ ಯುಪಿಎಸ್ ಇದ್ದರೆ ಚಾರ್ಜರನ್ನು ಅದರ ಲೈನಿಗೆ ಹಾಕಿಕೊಳ್ಳಿ. ಯುಪಿಎಸ್ ಎಷ್ಟು ವ್ಯಾಟ್ ತಡೆಯುತ್ತೆ ಅಂತ ಮೊದಲು ನೋಡಿ. ಫ್ರಿಜ್ಜೂ ಅದೇ ಲೈನಲ್ಲಿದ್ದರೆ ಮನೆಯವರಿಂದ ಬೈಗುಳ ಗ್ಯಾರಂಟಿ.

ಮೂಡಿಗೆರೆ_ಮಳೆ:

ಸಿಕ್ಕಿತು!!

ಡ್ರಾಪ್‌ಡೌನ್‌ನಲ್ಲಿ ಡಿಸ್‌ಪ್ಲೇ 1 ಅಂತ ಮಾನಿಟರ್ ಇತ್ತು. ಡಿಸ್‌ಪ್ಲೇ 2 ಒತ್ತಿದೆ, ಟಿವಿ ಬಂತು. ಕೆಳಗೆ ದಪ್ಪಕ್ಕೆ 50 ಹರ್ಟ್ಜ್. ಕಂಟ್ರೋಲ್ ಪ್ಯಾನೆಲ್‌ನಲ್ಲಿ ವರ್ಟಿಕಲ್ ಸಿಂಕ್ 'ಆನ್' ಇತ್ತು. ಅದು ನಾನೇ ಮಾಡಿದ್ದು. ಹಾಸನದಲ್ಲಿ ಚಿತ್ರ ಅಡ್ಡಡ್ಡ ಸೀಳಿದ ಹಾಗೆ ಕಾಣುತ್ತಿತ್ತು ಅಂತ ಹೋದ ವರ್ಷ ಹಾಕಿ ಮರೆತೇಬಿಟ್ಟಿದ್ದೆ. ಮಾನಿಟರ್‌ನಲ್ಲಿ ಯಾವಾಗಲೂ 75ಕ್ಕೆ ನಿಲ್ಲುತ್ತಿತ್ತು, ಆಗ ನನಗೆ ಅದು ತೊಂದರೆ ಅಂತಲೇ ಅನಿಸಿರಲಿಲ್ಲ.

ಟಿವಿಯನ್ನು 60 ಮಾಡಿದೆ. ಒಂದು ಕ್ಷಣ ತೆರೆ ಪೂರ್ತಿ ಕಪ್ಪಾಯಿತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಜ್ಜಿ, 'ಮತ್ತೆ ಹೋಯ್ತಾ ಕರೆಂಟು?' ಅಂದರು. ವಾಪಸ್ ಬಂದಾಗ ಗೇಮ್ 60. ಕ್ಯಾಮೆರಾ ತಿರುಗಿಸಿದರೆ ನೀರು ಹರಿದ ಹಾಗೆ. ಕುತೂಹಲಕ್ಕೆ ವಿ-ಸಿಂಕ್ ತೆಗೆದೂ ನೋಡಿದೆ. ಲೋನಲ್ಲಿ 125ರ ಹತ್ತಿರ ಕುಣಿಯಿತು, ಆದರೆ ಮತ್ತೆ ಅದೇ ಸೀಳು. ಟಿವಿ ತೋರಿಸೋದೇ 60 ಅಂದಮೇಲೆ ಮತ್ತೆ ಆನ್ ಮಾಡಿದೆ.

ಆದರೆ ಅಣ್ಣ, ಸಿಡಿಲು ಬಡಿದರೆ 60 ಇದ್ದದ್ದು 50 ಹೇಗಾಗುತ್ತೆ?

ಹಳೇ_ಪೆಂಟಿಯಮ್ (ಹಾಸನ):

ಆಗೋದಿಲ್ಲ. ಸಿಡಿಲಿಗೆ ಪೋರ್ಟ್ ಸುಡುತ್ತೆ, ಸೆಟ್ಟಿಂಗ್ ಬದಲಾಗೋದಿಲ್ಲ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಗಿದೆ. ಆ ದಿನಗಳಲ್ಲಿ ನಿಮ್ಮ ಪಿಸಿ ಮುಂದೆ ಬೇರೆ ಯಾರು ಕೂತಿದ್ದರು? ನನಗೆ ಒಬ್ಬರ ಮೇಲೆ ಅನುಮಾನ ಇದೆ 🙂

ಮೂಡಿಗೆರೆ_ಮಳೆ:

ಅಯ್ಯೋ ಹೌದು.

ಈಗ ಫೋನ್ ಮಾಡಿ ಕೇಳಿದೆ. ಕರೆಂಟ್ ಬಂದ ಸಂಜೆ ಚಿಕ್ಕಪ್ಪ ಒಂದು ಪೆನ್‌ಡ್ರೈವ್ ತಂದಿದ್ದರು. ಗಿರಾಕಿಗೆ ಕೊಡೋ ಮುಂಚೆ ಮದುವೆ ವಿಡಿಯೋ ದೊಡ್ಡ ತೆರೆಯಲ್ಲಿ ಹೇಗೆ ಕಾಣುತ್ತೆ ಅಂತ ನೋಡಬೇಕಿತ್ತಂತೆ. ಧಾರೆ ಎರೆಯುವಾಗ ಕ್ಯಾಮೆರಾ ನಿಧಾನಕ್ಕೆ ತಿರುಗೋ ಕಡೆ ಜರ್ಕ್ ಹೊಡೆಯುತ್ತಿತ್ತು, 'ಅದಕ್ಕೆ ಟಿವೀನ 50ಕ್ಕೆ ಹಾಕಿದೆ ಕಣೋ, ನಿನಗೆ ಅವತ್ತೇ ಹೇಳಿದೆನಲ್ಲ' ಅಂದರು. ಹೇಳಿದ್ದರಂತೆ. ನಾನು ಇಯರ್‌ಫೋನ್ ಹಾಕಿಕೊಂಡು ತಲೆ ಆಡಿಸಿದ್ದೆನಂತೆ.

ಕಡೂರು_ಕೀಬೋರ್ಡ್:

ಹಿತ್ತಲ ಗಿಡ ಮದ್ದಲ್ಲ ಅನ್ನೋದು ಇದಕ್ಕೇ ನೋಡು. ಚಿಕ್ಕಪ್ಪನ ಹತ್ತಿರ ನನ್ನ ಕಡೆಯಿಂದ ಕ್ಷಮೆ ಕೇಳಿಬಿಡು, ನಗಬಾರದಿತ್ತು.

ಹಳೇ_ಪೆಂಟಿಯಮ್ (ಹಾಸನ):

ಅವರು ಮಾಡಿದ್ದು ಸರಿಯಾಗೇ ಇದೆ. 25 ಫ್ರೇಮಿನ ವಿಡಿಯೋ 50 ಹರ್ಟ್ಜ್ ತೆರೆಯಲ್ಲಿ ಪ್ರತಿ ಫ್ರೇಮಿಗೂ ಎರಡೆರಡು ಸಲದ ಲೆಕ್ಕದಲ್ಲಿ ಸಮನಾಗಿ ಕೂರುತ್ತೆ. 60ರಲ್ಲಿ ಕೆಲವು ಫ್ರೇಮ್ ಎರಡು ಸಲ, ಕೆಲವು ಮೂರು ಸಲ. ಆ ಏರುಪೇರೇ ಅವರು ಕಂಡ ಜರ್ಕು. ನಿಮ್ಮ ಗೇಮಿಗೆ 60 ಬೇಕು, ಅವರ ಮದುವೆಗೆ 50 ಬೇಕು. ಪಿಸಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ, ಅದಕ್ಕೇ ಯಾವ ಎರರ್ ಕೂಡ ಬರಲಿಲ್ಲ.

ಇನ್ನೊಂದು ಮಾತು. ಮುಂದೆ ದೊಡ್ಡ ಹರ್ಟ್ಜ್ ಮಾನಿಟರ್ ತಗೊಂಡಾಗ ಸ್ಕೈರಿಮ್ ಮಾತ್ರ 60ಕ್ಕಿಂತ ಮೇಲೆ ಬಿಡಬೇಡಿ. 2011ರ ಆ ಗೇಮ್‌ನಲ್ಲಿ ಫಿಸಿಕ್ಸ್ ಎಫ್‌ಪಿಎಸ್‌ಗೆ ಅಂಟಿಕೊಂಡಿದೆ. ಬೀಗ ತೆಗೆದು 140ರಲ್ಲಿ ಓಡಿಸಿದರೆ ಮೇಜಿನ ಮೇಲಿನ ತಟ್ಟೆ ಲೋಟ ಎಲ್ಲ ದೆವ್ವ ಹಿಡಿದ ಹಾಗೆ ಹಾರಾಡುತ್ತವೆ. ಒಂದು ಸಲ ನೋಡೋಕೆ ಮಜಾ ಇರುತ್ತೆ, ಸುಳ್ಳು ಯಾಕೆ ಹೇಳಲಿ.

ಮೂಡಿಗೆರೆ_ಮಳೆ:

ತುಂಬಾ ಥ್ಯಾಂಕ್ಸ್ ಅಣ್ಣ. ಅಂಗಡಿಯವರಿಗೆ ಫೋನ್ ಮಾಡಿ ಬರೋದಿಲ್ಲ ಅಂತ ಹೇಳಿದೆ. ಶೀರ್ಷಿಕೆಯಲ್ಲಿ 'ಪರಿಹಾರ ಸಿಕ್ಕಿದೆ' ಅಂತ ಹಾಕಿದ್ದೇನೆ.

ಶನಿವಾರ ಚಿಕ್ಕಪ್ಪ ಇನ್ನೊಂದು ಮದುವೆ ತರುತ್ತಾರಂತೆ. ಟಿವಿ ಪಕ್ಕ ಒಂದು ಚೀಟಿ ಅಂಟಿಸಿದ್ದೇನೆ: 'ವಿಡಿಯೋ ಮುಗಿದಮೇಲೆ 60'. ಅಜ್ಜಿ ಅದನ್ನು ಓದಿ, ಅರವತ್ತು ಏನು, ಯಾರಿಗೆ ಕೊಡಬೇಕು ಅಂತ ಕೇಳುತ್ತಿದ್ದಾರೆ.