ಸಹಾಯ ಬೇಕು: ಕರೆಂಟ್ ಹೋದಾಗ ಮಾತ್ರ ರೇಡಿಯೊ ಸ್ಪಷ್ಟ!

ನಮಸ್ಕಾರ. ಮೈಸೂರಲ್ಲಿ ಎರಡನೇ ಮಹಡಿಯ ಆರ್‌ಸಿಸಿ ಮನೆ ನಮ್ದು. ಅಪ್ಪನಿಗೆ ಶಾರ್ಟ್‌ವೇವ್ ಕೇಳೋ ಹಳೇ ಚಟ. ಅವರಿಗೋಸ್ಕರ ಡಿಜಿಟಲ್ ಟ್ಯೂನಿಂಗ್ ಇರೋ ರೇಡಿಯೊ ತಂದೆ. ಸಂಜೆ ಮೇಲೆ 31 ಮೀಟರ್ ಬ್ಯಾಂಡ್‌ನಲ್ಲಿ, ಅಂದ್ರೆ 9400ರಿಂದ 9900 ಕಿಲೊಹರ್ಟ್ಸ್ ನಡುವೆ, ಬಿಬಿಸಿ, ಚೀನಾ ರೇಡಿಯೊ ಎಲ್ಲಾ ಇರೋದು ಗೊತ್ತಾಗುತ್ತೆ. ಆದ್ರೆ ಅದರ ಮೇಲೆ ಗುಂಯ್ ಅಂತ ಒಂದೇ ಸಮನೆ ಗದ್ದಲ.

ಮೊನ್ನೆ ಬೀದಿಗೆಲ್ಲಾ ಕರೆಂಟ್ ಹೋಯ್ತು ನೋಡಿ, ಪಕ್ಕದ ಕೋಣೇಲಿ ಮಾತಾಡಿದಷ್ಟು ಸ್ಪಷ್ಟ! ಬಂದ ತಕ್ಷಣ ಮತ್ತೆ ಅದೇ ಗೋಳು.

ಎಲ್‌ಇಡಿ ಬಲ್ಬು, ವೈಫೈ, ಮೊಬೈಲ್ ಚಾರ್ಜರ್, ಯುಪಿಎಸ್ ಒಂದೊಂದಾಗಿ ಆರಿಸಿ ನೋಡಿದೆ. ಸ್ವಲ್ಪ ಕಮ್ಮಿ ಆಯ್ತು, ಅಷ್ಟೇ. ಆಮೇಲೆ ನಮ್ಮನೆ ಮೇನ್ ಸ್ವಿಚ್ಚೇ ಇಳಿಸಿ ಸೆಲ್ ಮೇಲೆ ಹಾಕಿದೆ, ಆಗ್ಲೂ ಗದ್ದಲ ಇದೆ. ಅಂದ್ರೆ ಅಕ್ಕಪಕ್ಕದಿಂದ ಬರ್ತಿದೆ. ಕಿಟಕಿಯಿಂದ ಟೆರೇಸಿಗೆ 10 ಮೀಟರ್ ತಾಮ್ರದ ತಂತಿ ಎಳೆದು ರೇಡಿಯೊದ ಆಂಟೆನಾ ಸಾಕೆಟ್ಟಿಗೆ ಕೊಟ್ಟೆ. ಸ್ಟೇಷನ್ ಜೋರಾಯ್ತು, ಜೊತೆಗೆ ಗದ್ದಲಾನೂ ಜೋರಾಯ್ತು.

ನಾನು ಸಿಕ್ಕಿಹಾಕಿಕೊಂಡಿರೋದು ಇಲ್ಲೇ. ತಂತಿ ಪೂರ್ತಿ ಟೆರೇಸ್ ಮೇಲೇ ಇಟ್ಟು, ಬಾಲನ್ (ತಂತಿಗೂ ಕೇಬಲ್‌ಗೂ ಹೊಂದಿಸೋ ಪುಟ್ಟ ಟ್ರಾನ್ಸ್‌ಫಾರ್ಮರ್) ಹಾಕಿ, ಕೆಳಗಡೆ ತನಕ ಟಿವಿಯ ಕೊಯಾಕ್ಸಿಯಲ್ ಕೇಬಲ್ (ಒಳಗಿನ ತಂತಿ ಸುತ್ತ ಲೋಹದ ಕವಚ ಇರೋದು) ತಂದ್ರೆ ಗದ್ದಲ ಇಳಿಯುತ್ತಾ? ಅಥವಾ ತಂತಿ ಬಿಟ್ಟು ತಿರುಗಿಸೋಕೆ ಬರೋ ಲೂಪ್ ಆಂಟೆನಾ (ಬಳೆ ಥರ ಸುತ್ತಿದ ತಂತಿ) ಮಾಡೋದೇ ವಾಸಿನಾ? (ಮೊಬೈಲಲ್ಲಿ ಕೇಳಿ ಅನ್ನಬೇಡಿ, ಅಪ್ಪನ ಮುಂದೆ ಅದು ನಡೆಯಲ್ಲ.) ಒತ್ತೊತ್ತಾಗಿ ಮನೆಗಳಿರೋ ಬೀದಿಯಲ್ಲಿ ಇವೆರಡರಲ್ಲಿ ಯಾವುದನ್ನಾದ್ರೂ ಮಾಡಿ ನೋಡಿದವರು ಇದ್ದೀರಾ? ಮೊದಲು ಯಾವುದಕ್ಕೆ ದುಡ್ಡು ಹಾಕ್ಲಿ?