ಸಿಮೆಂಟೊಬ್ಲಾಸ್ಟ್‌ಗೆ ಕನ್ನಡದಲ್ಲಿ ಏನೆನ್ನಬಹುದು?

ಪದಚರ್ಚೆಯ ಸದಸ್ಯರಿಗೆ ನಮಸ್ಕಾರ.

ಹಲ್ಲಿನ ರಚನೆಯನ್ನು ಕುರಿತ ಲೇಖನಕ್ಕಾಗಿ, ಬೇರನ್ನು ಹೊದ್ದಿರುವ ಸಿಮೆಂಟಮ್ ಎಂಬ ಗಟ್ಟಿ ಅಂಗಾಂಶಕ್ಕೂ ಅದನ್ನು ಕಟ್ಟುವ ಸಿಮೆಂಟೊಬ್ಲಾಸ್ಟ್ ಕೋಶಗಳಿಗೂ ಒಪ್ಪುವ ಪದಗಳನ್ನು ಹುಡುಕುತ್ತಿದ್ದೇನೆ.

ಬೇರು ಬೆಳೆಯುವಾಗ ಅದನ್ನು ಆವರಿಸಿರುವ, ಜರ್ಮನ್ ವಿಜ್ಞಾನಿ ಹರ್ಟ್‌ವಿಗ್‌ನ ಹೆಸರು ಹೊತ್ತ ತೆಳುಪೊರೆ ಹರಿದು ಚದುರಿದ ಮೇಲೆ, ಬೆಳೆಯುವ ಹಲ್ಲನ್ನು ಸುತ್ತುವರಿದ ದಂತಚೀಲವೆಂಬ ಅಂಗಾಂಶದ ಕೋಶಗಳು, ಹಲ್ಲಿನ ಒಳಗಿನ ಗಟ್ಟಿ ಭಾಗವಾದ ಡೆಂಟಿನ್‌ಗೆ ತಾಗಿ ಸಿಮೆಂಟೊಬ್ಲಾಸ್ಟ್‌ಗಳಾಗುತ್ತವೆ. ಇವು ಸ್ರವಿಸುವ ಕೊಲ್ಯಾಜನ್ ಎಂಬ ನಾರಿನಂಥ ಪ್ರೋಟೀನ್‌ನಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಸೇರಿ ಪದರಗಳು ಗಟ್ಟಿಯಾಗುತ್ತವೆ. ಹಲ್ಲಿನ ಕೊರಳಿನ ಬಳಿ ಕೆಲಸ ನಿಧಾನವಾದ್ದರಿಂದ ಕೋಶಗಳು ಹಿಂದೆ ಸರಿದುಕೊಳ್ಳುತ್ತವೆ. ಬೇರಿನ ತುದಿಯತ್ತ ಬೇಗ ಕಟ್ಟುವಾಗ ಕೆಲವು ತಾವು ಕಟ್ಟಿದ್ದರೊಳಗೇ ಸಿಲುಕಿ ಸಿಮೆಂಟೊಸೈಟ್‌ಗಳಾಗುತ್ತವೆ. ಆದ್ದರಿಂದ ಸಿಮೆಂಟೊಬ್ಲಾಸ್ಟ್‌ಗೆ ‘ಸಿಮೆಂಟಮ್ ಕೋಶ’ ಎಂದುಬಿಟ್ಟರೆ, ಸಿಲುಕಿದ ಕೋಶಕ್ಕೆ ಹೆಸರೇ ಉಳಿಯುವುದಿಲ್ಲ. ಗ್ರೀಕಿನ ‘ಬ್ಲಾಸ್ಟ್’ ಮೊಳಕೆಯನ್ನು ಸೂಚಿಸುತ್ತದೆಯಾದರೂ, ಇಲ್ಲಿ ಅದರ ಅರ್ಥ ಉಂಟುಮಾಡುವುದು ಎಂದೇ. ಆಮ್ಲಜನಕ, ಸಾರಜನಕಗಳಿಂದ ಎಲ್ಲರಿಗೂ ಪರಿಚಿತವಾದ ‘ಜನಕ’ ಇದಕ್ಕೆ ಸಾಕೆಂದು ನನ್ನ ಎಣಿಕೆ.

ಕಷ್ಟವಿರುವುದು ಮೊದಲ ಭಾಗದಲ್ಲಿ. ಲ್ಯಾಟಿನ್ನಿನ ಮೂಲಪದಕ್ಕೆ ಒರಟು ಕಲ್ಲುಚೂರು ಎಂಬ ಅರ್ಥವಿದ್ದುದರಿಂದ ‘ಗಾರೆ’ ಎನ್ನುವ ಆಸೆ ಹುಟ್ಟುತ್ತದೆ, ಆದರೆ ಸಿಮೆಂಟಮ್ ಬೇರನ್ನು ದವಡೆಗೆ ನೇರವಾಗಿ ಅಂಟಿಸುವುದಿಲ್ಲ. ಒಂದು ತುದಿ ಸಿಮೆಂಟಮ್‌ನಲ್ಲೂ ಇನ್ನೊಂದು ತುದಿ ಮೂಳೆಯಲ್ಲೂ ಹೂತಿರುವ ನಾರುಗಳು ಹಲ್ಲನ್ನು ಹಿಡಿದಿರುತ್ತವೆ. ‘ಸಿಮೆಂಟು’ ಎಂದರಂತೂ ದಂತವೈದ್ಯರು ಹುಳುಕು ತುಂಬಲು ಬಳಸುವ ವಸ್ತುವೇ ನೆನಪಾಗುತ್ತದೆ. ‘ದಂತಮೂಲಲೇಪ’ ಸಂಸ್ಕೃತ ಸಮಾಸವಾಗಿ ಶುದ್ಧವೇ ಸರಿ, ಆದರೆ ನಮ್ಮ ಭಾಷಾವಿಜ್ಞಾನದಲ್ಲಿ ‘ದಂತಮೂಲೀಯ’ ಎಂದರೆ ಮೇಲ್ವಸಡಿನ ದಿಬ್ಬಕ್ಕೆ ನಾಲಗೆ ತಾಗಿ ಹುಟ್ಟುವ ಧ್ವನಿ. (ಬರಿಯ ‘ಮೂಲ’ ಎಂದರೆ ಓದುಗರು ಬೇರೆಯೇ ವ್ಯಾಧಿಯತ್ತ ಹೋದಾರು.)

ಪದರದ ಮೇಲೆ ಪದರವಾಗಿ, ಆಯುಷ್ಯದುದ್ದಕ್ಕೂ ಕೂಡುತ್ತ ಹೋಗುವ ಈ ಅಂಗಾಂಶಕ್ಕೆ ‘ಬೇರುಲೇಪ’ ನನಗೆ ಹೆಚ್ಚು ಹಿಡಿಸಿದೆ. ಅದು ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿದ ಅರಿಸಮಾಸವೆಂಬ ಆಕ್ಷೇಪ ಬರುವುದು ಖಂಡಿತ. ಆದರೂ ಅರ್ಥ ತಟ್ಟನೆ ಹೊಳೆಯುವಲ್ಲಿ ಆ ನಿಯಮವನ್ನು ಸಡಿಲಿಸಬಹುದೆಂಬುದು ನನ್ನ ನಿಲುವು. ಹಾಗಾದರೆ ಸಿಮೆಂಟೊಬ್ಲಾಸ್ಟ್ ‘ಬೇರುಲೇಪಜನಕ’, ಸಿಮೆಂಟೊಸೈಟ್ ‘ಬೇರುಲೇಪಕೋಶ’, ಇದನ್ನು ಕರಗಿಸುವ ಸಿಮೆಂಟೊಕ್ಲಾಸ್ಟ್ ‘ಬೇರುಲೇಪಭಂಜಕ’ ಆಗುತ್ತವೆ.

ವೈದ್ಯಕೀಯ ಬರವಣಿಗೆಯಲ್ಲಿ ಬೇರೆ ಪದಗಳು ಈಗಾಗಲೇ ನೆಲೆಯೂರಿದ್ದರೆ, ಅಥವಾ ‘ಭಂಜಕ’ಕ್ಕಿಂತ ಕರಗಿಸುವಿಕೆಯನ್ನು ಚೆನ್ನಾಗಿ ಹೇಳುವ ಪದ ನಿಮಗೆ ತೋಚಿದರೆ, ದಯವಿಟ್ಟು ಪ್ರಯೋಗದ ಉದಾಹರಣೆಯೊಂದಿಗೆ ತಿಳಿಸಬೇಕಾಗಿ ಕೋರುತ್ತೇನೆ.