ದಾವಣಗೆರೆಯಲ್ಲಿ ಮಕ್ಕಳ ಜೊತೆ ಒಂದು ದಿನ: ಬೆಣ್ಣೆದೋಸೆ, ಹಳೇ ಹಂಚು, ಸೆಕೆಂಡ್ ಹ್ಯಾಂಡ್ ಹಾರ್ಮೋನಿಯಂ

ಕೋಟೆಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದಿಂದ ಒಂದು ದಿನದ ಮಟ್ಟಿಗೆ ದಾವಣಗೆರೆಗೆ ಬರಬೇಕು ಅಂತಿದ್ದೀವಿ. ಅತ್ತೆ, ನಾವಿಬ್ಬರು, 11 ಮತ್ತು 6 ವರ್ಷದ ಮಕ್ಕಳು. ಬೆಣ್ಣೆದೋಸೆ, ಮಂಡಕ್ಕಿ ಹೇಗೂ ಆಗುತ್ತೆ. ಜೊತೆಗೆ ಕೊಳ್ಳೋದು ಮೂರಿದೆ, ಮೂರೂ ಹಳೇದೇ ಬೇಕು: ದಪ್ಪ ದೋಸೆ ಹಂಚು, ಒಂದೆರಡು ಹಿತ್ತಾಳೆ ಪಾತ್ರೆ, ದೊಡ್ಡವಳಿಗೆ ಒಂದು ಹಾರ್ಮೋನಿಯಂ. ಅವಳು ವಚನ ಸಂಗೀತ ಕಲೀತಿದ್ದಾಳೆ, ಹೊಸ ಡಬಲ್ ರೀಡ್ (ಸ್ವರ ಕೊಡೋ ಹಿತ್ತಾಳೆ ಪಟ್ಟಿ ಎರಡು ಸಾಲಿರೋ) ಪೇಟಿ ನಮ್ಮ ಬಜೆಟ್‌ಗೆ ಭಾರ. ಗುಜರಿಯಲ್ಲಿ ಏನು ನೋಡಿ ತಗೋಬೇಕು, ಏನು ಕಂಡರೆ ಬಿಟ್ಟು ಬರಬೇಕು? ಹಾಡು-ಗೀಡು ಕೇಳೋ ಜಾಗ ಇದ್ದರೂ ತಿಳಿಸಿ.

---

ಹಳೇಪೇಟೆ:

ಮೊದಲು ಹೊಟ್ಟೆ ವಿಚಾರ ನೋಡ್ರಿ ಮೇಡಂ. ದುರ್ಗದಿಂದ ಹೈವೇ 48ರಲ್ಲಿ ಹತ್ತಿರಹತ್ತಿರ 60 ಕಿಲೋಮೀಟರ್, ಬೆಳಿಗ್ಗೆ ಏಳಕ್ಕೆ ಬಿಟ್ರೂ ದೋಸೆ ಹೊತ್ತಿಗೆ ಬರ್ತೀರಿ. ರೈಲು ಚಿಕ್ಕಜಾಜೂರು ಸುತ್ತಿಕೊಂಡು ಬರೋದು, ಈ ಕೆಲಸಕ್ಕೆ ಬೇಡ. ಪೇಟಿ ತರೋದಾದ್ರೆ ಕಾರೇ ಸರಿ.

ಬೆಣ್ಣೆದೋಸೆ ಒಂಬತ್ತರೊಳಗೆ ತಿಂದುಬಿಡ್ರಿ. ಆಮೇಲೆ ರಶ್ ಏರ್ತೈತೆ, ಹಂಚಿನ ಕಾವು ಹಿಡಿತಕ್ಕೆ ಸಿಗಲ್ಲ, ದೋಸೆ ಒಂದು ಕಡೆ ಕರಕು ಒಂದು ಕಡೆ ಹಸಿ. ಐದು ಜನಕ್ಕೆ ಐದೂ ಒಟ್ಟಿಗೆ ಹೇಳಬೇಡ್ರಿ. ತಟ್ಟೆಗೆ ಬಿದ್ದ ಎರಡು-ಮೂರು ನಿಮಿಷಕ್ಕೆ ಬೆಣ್ಣೆ ಇಳಿದು ಗರಿ ಹೋಗ್ತೈತೆ. ಎರಡೆರಡು ಹೇಳಿ, ಹಂಚ್ಕೊಂಡು ತಿಂದು, ಮತ್ತೆ ಹೇಳ್ರಿ. ಸಣ್ಣವನಿಗೆ ಖಾಲಿ ದೋಸೆ ಸಾಕು. ಆಲೂಗಡ್ಡೆ ಪಲ್ಯ ಇಲ್ಲಿ ಅರಿಶಿನ ಇಲ್ಲದ ಬಿಳಿ ಪಲ್ಯ, ಸಪ್ಪೆ ಅನ್ನಿಸಿದ್ರೆ ಅದು ಹಾಗೇ ಇರೋದು. ಖಾರ ಇರೋದು ಚಟ್ನಿಯಲ್ಲಿ, ಮಕ್ಕಳಿಗೆ ಮೊದಲೇ ಬೇರೆ ಬಟ್ಟಲಿಗೆ ಹಾಕಿಸ್ರಿ. ಅತ್ತೆಯವರಿಗೆ ‘ಬೆಣ್ಣೆ ಕಮ್ಮಿ’ ಅಂದ್ರೆ ಕಮ್ಮಿ ಹಾಕಿಕೊಡ್ತಾರೆ. ಏನೂ ಬೇಡ ಅಂದ್ರೆ ಮಾತ್ರ ಭಟ್ಟರ ಮುಖ ನೋಡೋಹಂಗಿರಲ್ಲ.

ಸಂಜೆ ನಾಲ್ಕರ ಮೇಲೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಕಲಸಿದ ತಕ್ಷಣ ತಿನ್ನಬೇಕು; ಪೊಟ್ಟಣ ಕಟ್ಟಿಸಿ ದುರ್ಗಕ್ಕೆ ಒಯ್ದರೆ ಈರುಳ್ಳಿ ನೀರು ಬಿಟ್ಟು ಮೆತ್ತಗಾಗ್ತೈತೆ. ಮನೆಗೆ ಬೇಕಿದ್ರೆ ನರ್ಗಿಸ್ ಮಂಡಕ್ಕಿ ಒಣದು ತಗೊಳ್ರಿ, ಈರುಳ್ಳಿ ನಿಂಬೆಹಣ್ಣು ಮನೇಲಿ ಸೇರಿಸ್ರಿ.

ಮಕ್ಕಳಿಗೆ ಮಂಡಕ್ಕಿ ಭಟ್ಟಿ ತೋರಿಸ್ರಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಸಿಪ್ಪೆ ತೆಗೆದ ಅಕ್ಕಿಗೆ ಉಪ್ಪುನೀರು ತಾಗಿಸಿ ಕಾದ ಮರಳಿಗೆ ಹಾಕ್ತಾರೆ. ಕಣ್ಣು ಮಿಟುಕಿಸೋದ್ರಲ್ಲಿ ಅರಳಿ ಮೇಲೆ ಬರ್ತೈತೆ, ಹಂಗೇ ಜರಡಿ ಹಿಡಿದು ಮರಳು ಬಿಡಿಸ್ತಾರೆ. ಹೊಗೆ, ಬಿಸಿ ಎರಡೂ ಜಾಸ್ತಿ. ಬಾಗಿಲಲ್ಲೇ ನಿಂತು ನೋಡಿಸ್ರಿ, ಕೇಳ್ದೆ ಒಳಗೆ ಕಾಲಿಡಬೇಡ್ರಿ.

---

ಬೀಡಿನ ಬಾಣಲಿ:

ಹಂಚಿನ ವಿಚಾರ ನಾನು ಹೇಳ್ತೀನಿ. ಬೀಡಿನದು (ಎರಕದ ಕಬ್ಬಿಣ) ಬೇಕೋ, ತಗಡಿನದೋ ಮೊದಲು ನಿರ್ಧರಿಸಿ. ದೋಸೆಗೆ ಬೀಡು, ಐದಾರು ಮಿಲಿಮೀಟರ್ ದಪ್ಪ. ತೆಳು ತಗಡಿನ ಹಂಚು ರೊಟ್ಟಿಗೆ ಆದೀತು. ಅದರ ಮೇಲೆ ಹಿಟ್ಟು ಹೊಯ್ದ ಕೂಡಲೇ ಕಾವು ಇಳಿಯೋದರಿಂದ ದೋಸೆ ಕಿತ್ತುಕೊಂಡು ಬರುತ್ತೆ.

ಅಂಗಡಿಯಲ್ಲೇ ಮಾಡಬೇಕಾದ್ದು: ಹಿಡಿ ಇರೋ ಕಡೆ ಎರಡು ಬೆರಳಲ್ಲಿ ತೂಗಿ ಹಿಡಿದು ಇನ್ನೊಂದು ಕೈಯ ಬೀಗದಕೈಯಿಂದ ಬಡಿಯಿರಿ. ಠಣ್ ಅಂತ ಎಳೆದರೆ ಗಟ್ಟಿ. ಠಕ್ ಅಂತ ಸತ್ತರೆ ಎಲ್ಲೋ ಸೀಳಿದೆ, ಕಣ್ಣಿಗೆ ಕಾಣದಿದ್ದರೂ ಬಿಟ್ಟುಬಿಡಿ. ಬೀಡಿಗೆ ಬೆಸುಗೆ ಹಾಕಿಸಿದರೂ ಒಲೆ ಮೇಲೆ ಮತ್ತೆ ಬಿಡುತ್ತೆ. ಆಮೇಲೆ ಮಕ್ಕಳ ಉಕ್ಕಿನ ಸ್ಕೇಲ್ ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಸ್ವಲ್ಪ ತಗ್ಗಿದ್ದರೆ ಪರವಾಗಿಲ್ಲ, ನಡುವೆ ಉಬ್ಬಿದ್ದರೆ ಎಣ್ಣೆ ಹಿಟ್ಟು ಎರಡೂ ಅಂಚಿಗೆ ಓಡುತ್ತೆ. ಮೇಲಿನ ತುಕ್ಕಿಗೆ ಹೆದರಬೇಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗುಳಿ ಬಿದ್ದಿದ್ದರೆ ಬೇಡ.

ಮೋಟಾರು ಬಿಡಿಭಾಗ, ಬ್ಯಾಟರಿ ಇಟ್ಟುಕೊಂಡಿರೋ ಗುಜರಿಯಿಂದ ಅಡುಗೆ ಸಾಮಾನು ತರಲೇಬೇಡಿ. ಸೀಸ ಕರಗಿಸೋಕೆ ಹಳೇ ಬಾಣಲಿ, ಹಂಚು ಬಳಸಿರ್ತಾರೆ. ತೊಳೆದರೆ ಹೋಗೋದಲ್ಲ ಅದು. ಪಾತ್ರೆ ಅಂಗಡಿಯಲ್ಲಿ ಹಳೇದಕ್ಕೆ ಬದಲು ಹೊಸದು ಕೊಡೋರ ಹತ್ತಿರ ಕೇಳಿ, ಅಲ್ಲಿ ಮನೆಯಿಂದ ಬಂದ ಮಾಲು ಇರುತ್ತೆ.

ಮನೆಗೆ ತಂದ ಮೇಲೆ: ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು, ಅರ್ಧ ಗಂಟೆ ನೆನೆಸಿ ಸ್ಟೀಲ್ ನಾರಿನಿಂದ ಉಜ್ಜಿ. ರಾತ್ರಿಯಿಡೀ ಬಿಟ್ಟರೆ ಹುಳಿ ಕಬ್ಬಿಣವನ್ನೇ ತಿನ್ನುತ್ತೆ. ತೊಳೆದ ತಕ್ಷಣ ಒಲೆ ಮೇಲೆ ಒಣಗಿಸಿ. ಹತ್ತು ನಿಮಿಷ ಹಾಗೇ ಬಿಟ್ಟರೆ ಮತ್ತೆ ಕೆಂಪಗಾಗುತ್ತೆ. ಬೆಚ್ಚಗಿರುವಾಗ ಶೇಂಗಾ ಎಣ್ಣೆ ಸವರಿ, ಆಮೇಲೆ ಒಣಬಟ್ಟೆಯಲ್ಲಿ ಎಣ್ಣೆ ಹಚ್ಚೇ ಇಲ್ಲ ಅನ್ನುವ ಹಾಗೆ ಒರೆಸಿ, ಹೊಗೆ ಬಂದು ನಿಲ್ಲುವವರೆಗೆ ಕಾಯಿಸಿ. ಆರಿಸಿ ಮತ್ತೆ, ನಾಲ್ಕೈದು ಸಲ. ಎಲ್ಲರೂ ಎಡವೋದು ಒರೆಸೋದರಲ್ಲೇ. ಎಣ್ಣೆ ದಪ್ಪ ಉಳಿದರೆ ಅಂಟು ಪದರ ಕೂರುತ್ತೆ, ಮೊದಲ ದೋಸೆಗೇ ಕಿತ್ತು ಬರುತ್ತೆ. ಮೊದಲ ವಾರ ದೋಸೆ ಬೇಡ, ಈರುಳ್ಳಿ ಹುರಿಯಿರಿ, ರೊಟ್ಟಿ ಮಾಡಿ.

ಹಿತ್ತಾಳೆಗೆ ಜೇಬಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ಅಂಟಿದರೆ ಕಬ್ಬಿಣಕ್ಕೆ ಬಣ್ಣ ಏರಿಸಿದ್ದು. ಹಳೇದು ತೂಕದ ಮೇಲೆ ಕೊಡ್ತಾರೆ. ಮೊದಲು ‘ನಾವು ಹಾಕಿದರೆ ಕೆ.ಜಿ.ಗೆ ಏನು ಕೊಡ್ತೀರಿ’ ಅಂತ ಕೇಳಿ, ಆಮೇಲೆ ‘ಒಯ್ದರೆ ಏನು ರೇಟು’ ಅಂತ ಕೇಳಿ. ಎರಡರ ನಡುವಿನ ಅಂತರದಲ್ಲೇ ಚೌಕಾಸಿ. ತಳದಲ್ಲಿ ಬೂದುಬಣ್ಣದ ಬೆಸುಗೆ ತೇಪೆ ಇದ್ದರೆ ಹೂವು-ಪತ್ರೆಗೆ ಮಾತ್ರ, ಬೆಸುಗೆಯಲ್ಲಿ ಸೀಸ ಇರಬಹುದು. ಅಡುಗೆಗಾದರೆ ಒಳಗೆ ಕಲಾಯಿ ಹಾಕಿಸಲೇಬೇಕು. ಇಲ್ಲದಿದ್ದರೆ ಹುಣಸೆ, ಮಜ್ಜಿಗೆ ಬಿದ್ದರೆ ಕಿಲುಬು. ಕಲಾಯಿಯ ತವರ 232 ಡಿಗ್ರಿಗೇ ಕರಗುತ್ತೆ, ಹಾಗಾಗಿ ಖಾಲಿ ಪಾತ್ರೆ ಒಲೆ ಮೇಲಿಡಬೇಡಿ, ಒಗ್ಗರಣೆಯನ್ನೂ ಅದರಲ್ಲಿ ಹಾಕಬೇಡಿ.

---

ಕರಿ ನಾಲ್ಕು:

ಪೇಟಿ ನೋಡೋಕೆ ಅರ್ಧ ಗಂಟೆ ಬೇಕು. ಅವಸರದ ಮಾಲೀಕರ ಹತ್ತಿರ ತಗೋಬೇಡಿ.

1. ತಿದಿ, ಅಂದರೆ ಗಾಳಿ ತುಂಬೋ ಮಡಿಕೆ. ಸ್ಟಾಪರ್ (ರೀಡ್ ಸಾಲಿಗೆ ಗಾಳಿ ಬಿಡೋ, ನಿಲ್ಲಿಸೋ ಗುಂಡಿ) ಎಲ್ಲ ಒಳಗೆ ದೂಡಿ, ತಿದಿ ಒತ್ತಿ. ಗಾಳಿ ತುಂಬಿದ ಮೇಲೆ ಕೈಗೆ ಗಟ್ಟಿ ತಡೆ ಸಿಗಬೇಕು. ಮೆತ್ತಗೆ ಒಳಗೆ ಹೋಗುತ್ತಲೇ ಇದ್ದರೆ ಸೋರಿಕೆ. ಈಗ ಒಂದೇ ಸ್ಟಾಪರ್ ಎಳೆದು, ಗಾಳಿ ತುಂಬಿಸಿ, ಕೈಬಿಟ್ಟು, ನಡುವಿನ ಒಂದು ಕೀ ಒತ್ತಿ ಹಿಡಿಯಿರಿ. ಹತ್ತು ಸೆಕೆಂಡಾದರೂ ಸ್ವರ ನಿಲ್ಲಬೇಕು. ಮೂರು-ನಾಲ್ಕಕ್ಕೇ ಸತ್ತರೆ ಮಡಿಕೆಯ ಮೂಲೆ ಹರಿದಿದೆ, ಇಲ್ಲವೇ ಕೀ ಕೆಳಗಿನ ಚರ್ಮ ಹುಳು ತಿಂದಿದೆ. ಮೊದಲನೆಯದು ಸಣ್ಣ ಖರ್ಚು. ಎರಡನೆಯದಕ್ಕೆ ಎಲ್ಲ ಕೀ ಬಿಚ್ಚಬೇಕು, ಅಷ್ಟನ್ನು ಬೆಲೆಯಲ್ಲಿ ಇಳಿಸಿ.

2. ತಾನೇ ಕೂಗೋ ಸ್ವರ. ಯಾವ ಕೀಯನ್ನೂ ಒತ್ತದೆ ಸ್ಟಾಪರ್ ಎಳೆದು ತಿದಿ ಒತ್ತಿ. ಒಂದು ಸ್ವರ ಬಂದರೆ ಆ ಕೀ ಕೆಳಗೆ ಕಸ ಕೂತಿದೆ ಅಥವಾ ಸ್ಪ್ರಿಂಗ್ ಸೋತಿದೆ. ಇದು ದೊಡ್ಡ ರೋಗವಲ್ಲ, ಆದರೆ ಮಾರುವವರು ಇದನ್ನು ಮುಚ್ಚಿಡೋಕೆ ಆ ಸಾಲಿನ ಸ್ಟಾಪರ್ ಎಳೆಯೋದೇ ಇಲ್ಲ. ಹಾಗಾಗಿ ಪ್ರತಿ ಸ್ಟಾಪರನ್ನೂ ನೀವೇ ಎಳೆಯಿರಿ.

3. ರೀಡ್. ಎಡದಿಂದ ಬಲಕ್ಕೆ ಒಂದೊಂದೇ ಕೀ, ಮೊದಲು ಒಂದು ಸಾಲು, ಆಮೇಲೆ ಇನ್ನೊಂದು. ಜುಯ್ ಅಂತ ಗೊರಗುಟ್ಟಿದರೆ ಹೆಚ್ಚಾಗಿ ಧೂಳು. ಮೇಲ್ಪಟ್ಟಿ ಬಿಚ್ಚಿ ತೆಳು ಕಾಗದ ಜಾರಿಸಿದರೆ ಹೋಗುತ್ತೆ. ಸ್ವರವೇ ಬರದೆ ಬರೀ ಗಾಳಿ ಬಂದರೆ ರೀಡ್ ಸೀಳಿರಬಹುದು, ಬದಲಾಯಿಸಬೇಕು.

4. ಶ್ರುತಿ. ಫೋನಲ್ಲಿ ಟ್ಯೂನರ್ ಆ್ಯಪ್ ಹಾಕಿಕೊಂಡು ಹೋಗಿ, ಎ ಸ್ವರಕ್ಕೆ 440 ಹರ್ಟ್ಜ್. ಎಲ್ಲ ಸ್ವರವೂ ಒಂದೇ ಅಳತೆಯಲ್ಲಿ ಏರಿದ್ದರೆ ಒಬ್ಬಳೇ ಹಾಡೋಕೆ ತೊಂದರೆಯಿಲ್ಲ; ಎಲೆಕ್ಟ್ರಾನಿಕ್ ತಂಬೂರಿಯನ್ನು ಅದಕ್ಕೆ ಹೊಂದಿಸಬಹುದು. ಒಂದು ಏರಿ ಇನ್ನೊಂದು ಇಳಿದಿದ್ದರೆ ಶ್ರುತಿ ಮಾಡಿಸಬೇಕು. ಮನೆಯಲ್ಲಿ ಬ್ಲೇಡ್ ಹಿಡಿದು ಕೂರಬೇಡಿ. ರೀಡಿನ ತುದಿ ಕೆರೆದರೆ ಸ್ವರ ಏರುತ್ತೆ, ಬುಡ ಕೆರೆದರೆ ಇಳಿಯುತ್ತೆ, ಅಷ್ಟೇ ಸೂತ್ರ. ಆದರೆ ಹೆಚ್ಚು ಕೆರೆದ ಹಿತ್ತಾಳೆ ವಾಪಸ್ ಬರಲ್ಲ.

ನಿಮ್ಮ ಮಗಳಿಗೆ 39 ಅಥವಾ 42 ಕೀ, ಎರಡು ಸಾಲು ರೀಡ್ ಸಾಕು. ಕಪ್ಲರ್ (ಒಂದು ಕೀ ಒತ್ತಿದರೆ ಇನ್ನೊಂದು ಸ್ಥಾಯಿಯ ಕೀಯೂ ಇಳಿಯೋ ಜೋಡಣೆ), ಮೂರು ಸಾಲು, ಮಡಚಿ ಪೆಟ್ಟಿಗೆಗೆ ಇಳಿಯೋ ಮಾದರಿ ಬೇಡ. ಬಿಡಿಭಾಗ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ನಾಟಕ ಕಂಪನಿಯ ಕಾಲುಪೇಟಿ ಎಲ್ಲಾದರೂ ಕಂಡರೆ ಆಸೆ ಹುಟ್ಟುತ್ತೆ, ಸದ್ದೂ ಜೋರು. ಕಾಲಲ್ಲಿ ತಿದಿ ತುಳಿದು ಎರಡೂ ಕೈಯಲ್ಲಿ ನುಡಿಸೋದು ಅದು. 11 ವರ್ಷದವಳು ನೆಲದ ಮೇಲೆ ಕೂತು ಹಾಡಿಕೊಂಡು ನುಡಿಸೋಕಲ್ಲ.

ಕಾರಿನ ಡಿಕ್ಕಿಯಲ್ಲಿ ನಿಲ್ಲಿಸಿ ಇಡಬೇಡಿ, ನುಡಿಸುವಾಗ ಇರೋ ಹಾಗೇ ಮಲಗಿಸಿ, ತಿದಿಯ ಕೊಂಡಿ ಹಾಕಿ, ಕೆಳಗೆ ಕಂಬಳಿ. ಹಂಚನ್ನು ಅದರ ಮೇಲಿಟ್ಟೀರಿ ಮತ್ತೆ!

---

ಕೋಟೆಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸಣ್ಣ ಪ್ರಶ್ನೆ. ಅವಳು ಈಗ ಯಾವ ಶ್ರುತಿಗೆ ಹಾಡಬೇಕು? ಮತ್ತೆ ಆ ಹಂಚಿಗೆ ತಕ್ಕ ದೋಸೆ ಹಿಟ್ಟಿನ ಅಳತೆ ಯಾರಾದರೂ ಹೇಳ್ತೀರಾ? ನಮ್ಮಲ್ಲಿ ದೋಸೆ ಬಣ್ಣ ಬರುತ್ತೆ, ಒಳಗೆ ಮೆತ್ತಗೆ ಬರಲ್ಲ.

---

ಕರಿ ನಾಲ್ಕು:

ಕರಿ ನಾಲ್ಕು ಅಥವಾ ಕರಿ ಐದು (ಪೇಟಿಯ ನಾಲ್ಕನೇ, ಐದನೇ ಕರಿ ಕೀ) ಷಡ್ಜಕ್ಕೆ ಇಟ್ಟು ನೋಡಿ. ಮಂದ್ರದ (ಕೆಳಗಿನ ಸ್ಥಾಯಿಯ) ಪಂಚಮ ಬಾಯಿ ಬಿಟ್ಟು ಕೇಳಿಸಬೇಕು, ತಾರದ (ಮೇಲಿನ ಸ್ಥಾಯಿಯ) ಗಾಂಧಾರಕ್ಕೆ ಕತ್ತಿನ ನರ ಉಬ್ಬಬಾರದು. ಎರಡೂ ಆಗೋ ಶ್ರುತಿಯೇ ಅವಳದು. ಗುರುಗಳು ಬೇರೆ ಹೇಳಿದ್ದರೆ ಅವರ ಮಾತೇ ನಡೀಲಿ.

---

ಹಳೇಪೇಟೆ:

ಒಳಗೆ ಮೆತ್ತಗೆ ಬರೋದು ಮಂಡಕ್ಕಿಯಿಂದ. ದೋಸೆ ಅಕ್ಕಿ 4 ಲೋಟ, ಉದ್ದಿನಬೇಳೆ 1 ಲೋಟ, ಮೆಂತ್ಯ 1 ಚಮಚ, ಐದಾರು ತಾಸು ನೆನೆಸ್ರಿ. ರುಬ್ಬೋ ಹೊತ್ತಿಗೆ 2 ಲೋಟ ಮಂಡಕ್ಕಿ ಹತ್ತು ನಿಮಿಷ ನೆನೆಸಿ ಹಿಂಡಿ ಹಾಕ್ರಿ. ಮಂಡಕ್ಕಿಯಲ್ಲೇ ಉಪ್ಪು ಇರ್ತೈತೆ, ನೋಡ್ಕೊಂಡು ಉಪ್ಪು ಹಾಕ್ರಿ. ರಾತ್ರಿಯಿಡೀ ಹುಳಿ ಬರಲಿ. ಹಿಟ್ಟು ಸೌಟಿನಿಂದ ದಪ್ಪಗೆ ಬೀಳಬೇಕು, ಹರೀಬಾರದು. ಹುಯ್ಯೋ ಮೊದಲು ಒಂದು ಚಮಚ ಸಕ್ಕರೆ, ಬಣ್ಣಕ್ಕೆ.

ಹಂಚು ಕಾದ ಮೇಲೆ ನೀರು ಚಿಮುಕಿಸಿ ಒರೆಸ್ರಿ, ಇಲ್ಲಾಂದ್ರೆ ಹಿಟ್ಟು ಸೌಟಿಗೇ ಅಂಟಿ ಏಳ್ತೈತೆ. ದಪ್ಪಗೆ, ಸಣ್ಣದಾಗಿ ದುಂಡಗೆ ಹುಯ್ರಿ. ಮೇಲಿನ ಹಸಿ ಹೋಗಿ ತೂತು ಬಿದ್ದ ಮೇಲೇ ಬೆಣ್ಣೆ. ಹಸಿ ಹಿಟ್ಟಿನ ಮೇಲೆ ಹಾಕಿದ್ರೆ ಹಿಟ್ಟೇ ಜಾರಾಡ್ತೈತೆ. ಉಪ್ಪಿನ ಪ್ಯಾಕೆಟ್ ಬೆಣ್ಣೆ ಬೇಡ, ಮಜ್ಜಿಗೆ ಕಡೆದ ಬಿಳಿ ಬೆಣ್ಣೆ.

---

ಬೀಡಿನ ಬಾಣಲಿ:

ಸಕ್ಕರೆ ಅರ್ಧ ಚಮಚ ಸಾಕು ಸರ್. ಹೊಸದಾಗಿ ಪಳಗಿಸಿದ ಹಂಚಿಗೆ ಸಕ್ಕರೆ ಜಾಸ್ತಿಯಾದರೆ ಸುಟ್ಟು ಅಂಟುತ್ತೆ, ತಿಂಗಳಾದ ಮೇಲೆ ಒಂದು ಚಮಚ ಹಾಕಲಿ.

---

ಹಳೇಪೇಟೆ:

ಅದು ಸರಿ, ಒಪ್ಪಿದೆ.

ಹಾಡಿನ ವಿಚಾರ ಬಿಟ್ಟೇಹೋಗಿತ್ತು. ಮಾಮೂಲಿ ಭಾನುವಾರ ಬಂದ್ರೆ ಹುಡುಕಬೇಕು. ದುರ್ಗಾಂಬಿಕಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಆಗ್ತೈತೆ, ಆಗ ಬಂದ್ರೆ ಡೊಳ್ಳು, ಸಮಾಳ, ನಾಟಕ ಎಲ್ಲ ಒಂದೇ ಕಡೆ. ರಂಗನಟಿ ಚಿಂದೋಡಿ ಲೀಲಾ ಅವರ ನಾಟಕ ಕಂಪನಿ ಬೆಳೆದ ಊರಿದು, ಕಂಪನಿ ನಾಟಕದ ಪೇಟಿ ಕೇಳೋ ಚಟ ಇಲ್ಲಿನ ಹಿರಿಯರಿಗೆ ಇನ್ನೂ ಐತೆ. ಆದ್ರೆ ಈಗಿನ ನಾಟಕದ ಹಾಸ್ಯದಲ್ಲಿ ಡಬಲ್ ಮೀನಿಂಗ್ ಜಾಸ್ತಿ, ಮಕ್ಕಳನ್ನ ಕೂರಿಸೋ ಮುಂಚೆ ಯಾವ ನಾಟಕ ಅಂತ ಕೇಳ್ರಿ. ಪೌರಾಣಿಕ ಆದ್ರೆ ಧೈರ್ಯವಾಗಿ ಕೂರ್ರಿ.

ನಿಮ್ಮ ಜಿಲ್ಲೆಯಲ್ಲೇ ಕೇಳೋದು ಬೇಕಾದಷ್ಟಿದೆ. ಚಳ್ಳಕೆರೆ ಕಡೆ ಗೊಲ್ಲರಹಟ್ಟಿ ಹೆಣ್ಣುಮಕ್ಕಳ ಪದ, ಜನಪದ ಹಾಡುಗಾರ್ತಿ ಸಿರಿಯಜ್ಜಿ ಹಾಡಿದ ಸೀಮೆ ಅದು. ಮ್ಯಾಸಬೇಡ ಸಮುದಾಯದ ಉರುಮೆ ವಾದ್ಯ ಕೇಳೋದಾದ್ರೆ ಮೊಳಕಾಲ್ಮೂರು-ಚಳ್ಳಕೆರೆ ಹಟ್ಟಿ ಹಬ್ಬಕ್ಕೆ ಹೋಗ್ರಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ಫಾಲ್ಗುಣದಲ್ಲಿ; ತೇರಿನ ದಿನ ಸಣ್ಣ ಮಕ್ಕಳನ್ನ ಕರ್ಕೊಂಡು ಹೋಗಬೇಡ್ರಿ, ಜನಜಂಗುಳಿ. ತೇರಾದ ಮರುದಿನ ಹೋದ್ರೆ ಅಂಗಡಿ ಸಾಲು ಆರಾಮಾಗಿ ನೋಡಬಹುದು.

---

ಕರಿ ನಾಲ್ಕು:

ಒಂದು ಬಿಟ್ಟೆ. ಪೇಟಿ ಒಳಗೆ ನುಸಿಗುಳಿಗೆ ಸುರಿಯಬೇಡಿ. ತೆಳು ಬಟ್ಟೆಯಲ್ಲಿ ಕಟ್ಟಿ, ರೀಡಿಗೆ ತಾಗದ ಹಾಗೆ ಪೆಟ್ಟಿಗೆಯ ಮೂಲೆಗೆ ಇಡಿ. ಮಳೆಗಾಲದಲ್ಲಿ ಗೋಡೆಗೆ ತಾಗಿಸದೆ ಮಣೆ ಮೇಲಿಡಿ, ನುಡಿಸದ ದಿನವೂ ಐದು ನಿಮಿಷ ತಿದಿ ಆಡಿಸಿ. ಕೀ ಒತ್ತಿದ ಮೇಲೆ ಏಳದೆ ಹಾಗೇ ನಿಂತರೆ ತೇವಕ್ಕೆ ಮರ ಉಬ್ಬಿದೆ ಅಂತ. ಮುಚ್ಚಳ ತೆಗೆದು ನೆರಳಲ್ಲಿ ಎರಡು ದಿನ ಗಾಳಿಗಿಡಿ, ಉಜ್ಜುಕಾಗದ ಮುಟ್ಟಬೇಡಿ. ಬಿಸಿಲಿಗೆ ಇಟ್ಟರೆ ಹಲಗೆ ಸೀಳುತ್ತೆ.